ಯಾವುದರ ಭಾಗ? ಭಿನ್ನರಾಶಿ ಮತ್ತು ಅನುಪಾತದ ವಾಕ್ಯರೂಪದ ಲೆಕ್ಕಗಳನ್ನು ಮಕ್ಕಳಿಗೆ ಹೇಳಿಕೊಡುವ ಬಗೆ

ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ತಮ್ಮಲ್ಲಿದ್ದ ಒಣ ಕಾಳುಮೆಣಸಿನ 2/5 ಭಾಗವನ್ನು ವ್ಯಾಪಾರಿಗೆ ಮಾರಿದರು. ಉಳಿದುದರಲ್ಲಿ 1/3 ಭಾಗವನ್ನು ತಂಗಿಯ ಮನೆಗೆ ಕಳುಹಿಸಿದರು. ಈಗ ಅವರ ಬಳಿ 24 ಕಿಲೋ ಇದೆ. ಹಾಗಾದರೆ ಮೊದಲು ಇದ್ದ ಮೆಣಸು ಎಷ್ಟು? ಆರನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನು ಕೊಟ್ಟರೆ ಪಟ್ಟನೆ ಬರುವ ತಪ್ಪು ಉತ್ತರ 90 ಕಿಲೋ. ಆ ಉತ್ತರಕ್ಕೆ ಮಗು ತಲುಪಿದ ದಾರಿಯನ್ನು ನೋಡಿದರೆ ಗದರುವ ಮನಸ್ಸಾಗುವುದಿಲ್ಲ. 2/5 ಮತ್ತು 1/3 ಇವೆರಡನ್ನು ಕೂಡಲು ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 15 ಎಂದು ಕಂಡುಕೊಂಡು, ಮೊತ್ತ 11/15 ಎಂದು ಬರೆದು, ಉಳಿದ 4/15 ಭಾಗವೇ 24 ಕಿಲೋ ಎಂದು ತೀರ್ಮಾನಿಸಿ, 24ನ್ನು 4ರಿಂದ ಭಾಗಿಸಿ 15ರಿಂದ ಗುಣಿಸಿ ಅದು 90ನ್ನು ಪಡೆದಿರುತ್ತದೆ. ಕೂಡುವುದರಲ್ಲಾಗಲಿ, ಕಳೆಯುವುದರಲ್ಲಾಗಲಿ, ಗುಣಿಸುವುದರಲ್ಲಾಗಲಿ ಎಲ್ಲಿಯೂ ದೋಷವಿಲ್ಲ. ಆದರೆ 90 ಕಿಲೋದಲ್ಲಿ 2/5 ಎಂದರೆ 36, ಉಳಿಯುವುದು 54, ಅದರಲ್ಲಿ 1/3 ಎಂದರೆ 18, ಕೊನೆಗೆ ಕೈಯಲ್ಲಿರಬೇಕಾದದ್ದು 36 ಕಿಲೋ. ಲೆಕ್ಕದಲ್ಲಿ ಹೇಳಿರುವುದು 24.

ಮಗು ಎಡವಿದ್ದು ‘ಉಳಿದುದರಲ್ಲಿ’ ಎಂಬಲ್ಲಿ. 2/5 ಎಂಬುದು ಮೊದಲಿದ್ದ ಇಡೀ ಮೆಣಸಿನ ಭಾಗ. 1/3 ಎಂಬುದು ಮಾರಿದ ಮೇಲೆ ಮಿಕ್ಕ ಮೆಣಸಿನ ಭಾಗ. ಬೇರೆ ಬೇರೆ ಮೊತ್ತಗಳ ಭಾಗಗಳನ್ನು ಒಂದೇ ಮೊತ್ತದ ಭಾಗಗಳೆಂದು ಬಗೆದು ಕೂಡಿದ್ದರಿಂದ ಮುಂದಿನ ಹೆಜ್ಜೆಗಳೆಲ್ಲವೂ ವ್ಯರ್ಥವಾದವು. ನಾನು ಕಂಡಂತೆ, ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಭಿನ್ನರಾಶಿ ಮತ್ತು ಅನುಪಾತದ ವಾಕ್ಯರೂಪದ ಲೆಕ್ಕಗಳಲ್ಲಿ ಸೋಲುವುದಕ್ಕೆ ಕೂಡು-ಕಳೆಯ ದೌರ್ಬಲ್ಯಕ್ಕಿಂತ ದೊಡ್ಡ ಕಾರಣ ಇದೇ: ಯಾವುದರ ಭಾಗ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಅವರು ಸಂಖ್ಯೆಗಳಿಗೆ ಕೈಹಾಕುತ್ತಾರೆ. ಇದನ್ನು ನಿಶ್ಚಯಿಸಿಕೊಳ್ಳುವ ಅಭ್ಯಾಸವನ್ನು ಬೆಳೆಸಿದರೆ, ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಕಾಣುವ ಭಿನ್ನರಾಶಿ, ಅನುಪಾತ, ಸಮಾನುಪಾತ ಮೂರೂ ಒಂದೇ ಉಪಾಯಕ್ಕೆ ಬಗ್ಗುತ್ತವೆ.

ಆ ಉಪಾಯವೆಂದರೆ ಪಟ್ಟಿಯ ಚಿತ್ರ. ಸಿಂಗಪುರದ ಶಿಕ್ಷಣ ಇಲಾಖೆಗಾಗಿ ಖೋ ಟೆಕ್ ಹಾಂಗ್ ಮತ್ತು ಅವರ ತಂಡದವರು 1980ರ ದಶಕದಲ್ಲಿ ಪ್ರಾಥಮಿಕ ಶಾಲೆಯ ಗಣಿತದಲ್ಲಿ ಇದನ್ನು ವ್ಯವಸ್ಥಿತವಾಗಿ ಬಳಕೆಗೆ ತಂದರು. ಈಗ ಹಲವು ದೇಶಗಳ ತರಗತಿಗಳಲ್ಲಿ ಇದು ಕಾಣಸಿಗುತ್ತದೆ. ಇದಕ್ಕೆ ಬೇಕಾದದ್ದು ಸ್ಲೇಟು ಅಥವಾ ರಫ್ ಪುಸ್ತಕ ಮಾತ್ರ. ಮೆಣಸಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಉದ್ದನೆಯ ಒಂದು ಪಟ್ಟಿಯನ್ನು ಎಳೆದು, ಅದು ಮೊದಲಿದ್ದ ಇಡೀ ಮೆಣಸು ಎಂದು ಮಗುವಿನಿಂದಲೇ ಬರೆಸಬೇಕು. ಅದನ್ನು ಐದು ಸಮಭಾಗ ಮಾಡಿ ಎರಡಕ್ಕೆ ಗೆರೆ ಹಾಕಿಸಬೇಕು, ಅದು ಮಾರಿದ್ದು. ಈಗ ಕೇಳಬೇಕಾದ ಪ್ರಶ್ನೆ: ‘ತಂಗಿಗೆ ಕಳುಹಿಸಿದ್ದು ಯಾವುದರ ಮೂರನೇ ಒಂದು ಭಾಗ? ಬೆರಳಿಟ್ಟು ತೋರಿಸು.’ ಗೆರೆ ಹಾಕದ ಮೂರು ಭಾಗಗಳ ಮೇಲೆ ಮಗು ಬೆರಳಿಟ್ಟರೆ ಲೆಕ್ಕ ಬಹುಪಾಲು ಮುಗಿದಂತೆ. ಮೂರು ಭಾಗಗಳಲ್ಲಿ ಮೂರನೇ ಒಂದು ಎಂದರೆ ಒಂದು ಭಾಗ. ಅದು ಹೋದ ಮೇಲೆ ಉಳಿಯುವುದು ಎರಡು ಭಾಗ. ಎರಡು ಭಾಗಕ್ಕೆ 24 ಕಿಲೋ ಆದರೆ ಒಂದು ಭಾಗಕ್ಕೆ 12, ಐದು ಭಾಗಕ್ಕೆ 60 ಕಿಲೋ. ಲ.ಸಾ.ಅ. ಬೇಕಾಗಲೇ ಇಲ್ಲ ಎಂಬುದನ್ನು ಮಗು ತಾನಾಗಿ ಗಮನಿಸಿದರೆ ಸಂತೋಷ. ನಾವು ಎತ್ತಿ ತೋರಿಸುವ ಅಗತ್ಯವಿಲ್ಲ.

ಎಲ್ಲ ಲೆಕ್ಕಗಳಲ್ಲಿಯೂ ಭಾಗಗಳು ಇಷ್ಟು ಹೊಂದಿಕೊಂಡು ಬರುವುದಿಲ್ಲ. ಅರಸೀಕೆರೆಯ ತೋಟವೊಂದರಲ್ಲಿ ಕೆಡವಿದ ತೆಂಗಿನಕಾಯಿಗಳಲ್ಲಿ ಕಾಲು ಭಾಗವನ್ನು ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿ, ಉಳಿದುದರಲ್ಲಿ ಅರ್ಧವನ್ನು ಮಾರಿದ ಮೇಲೆ 450 ಕಾಯಿ ಮಿಕ್ಕಿದೆ ಎನ್ನೋಣ. ಪಟ್ಟಿಯನ್ನು ನಾಲ್ಕು ಭಾಗ ಮಾಡಿ ಒಂದನ್ನು ತೆಗೆದರೆ ಉಳಿಯುವುದು ಮೂರು. ಮೂರನ್ನು ಎರಡು ಸಮಪಾಲು ಮಾಡಲು ಆಗದು ಎಂದು ಮಗು ಇಲ್ಲಿ ನಿಂತುಬಿಡುತ್ತದೆ. ನಿಲ್ಲಲು ಬಿಡಬೇಕು. ತುಸು ಹೊತ್ತಿನ ನಂತರ ಯಾರಾದರೊಬ್ಬರು ಪ್ರತಿ ಭಾಗವನ್ನೂ ನಡುವೆ ಸೀಳುತ್ತಾರೆ. ಈಗ ಇಡೀ ಪಟ್ಟಿಯಲ್ಲಿ ಎಂಟು ಚಿಕ್ಕ ಭಾಗಗಳಿವೆ. ಕೊಬ್ಬರಿಗೆ ಎರಡು, ಉಳಿದ ಆರರಲ್ಲಿ ಮಾರಿದ್ದು ಮೂರು, ಮಿಕ್ಕಿದ್ದು ಮೂರು. ಮೂರು ಭಾಗಕ್ಕೆ 450, ಒಂದಕ್ಕೆ 150, ಎಂಟಕ್ಕೆ 1,200 ಕಾಯಿ. 1/4 ಮತ್ತು 2/8 ಎರಡೂ ಒಂದೇ ಎಂಬ ಸಮಾನ ಭಿನ್ನರಾಶಿಯ ಪಾಠವು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ನಾಟದಿದ್ದದ್ದು, ಬೇಕಾದಾಗ ತಾನೇ ಸೀಳಿದ ಪಟ್ಟಿಯಲ್ಲಿ ನಾಟುತ್ತದೆ. ಸಮಾನ ಭಿನ್ನರಾಶಿಯ ಅಗತ್ಯವೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಮಕ್ಕಳಿಗೆ ಕೊಡಲಾರೆ.

ಚಿತ್ರಕ್ಕಿಂತ ಮೊದಲು ಬರುವುದು ಓದು. ವಾಕ್ಯರೂಪದ ಲೆಕ್ಕವನ್ನು ಕಂಡೊಡನೆ ಮಕ್ಕಳ ಕಣ್ಣು ಅಂಕಿಗಳ ಮೇಲೆ ಮಾತ್ರ ಜಿಗಿಯುತ್ತದೆ. ನಡುವಿನ ಮಾತುಗಳು ಅವರ ಪಾಲಿಗೆ ಅಂಕಿಗಳನ್ನು ಬೇರ್ಪಡಿಸುವ ಜಾಗವಷ್ಟೆ. ಇದಕ್ಕೆ ನಾನು ಸೂಚಿಸುವ ಮದ್ದು ಸರಳವಾದದ್ದು. ಲೆಕ್ಕವನ್ನು ಹಲಗೆಯ ಮೇಲೆ ಬರೆಯುವಾಗ ಸಂಖ್ಯೆಗಳ ಜಾಗವನ್ನು ಖಾಲಿ ಬಿಟ್ಟು ಬರೆಯಬೇಕು: ‘ಬೆಳೆಗಾರರೊಬ್ಬರು ಮೆಣಸಿನಲ್ಲಿ ಸ್ವಲ್ಪ ಭಾಗವನ್ನು ಮಾರಿದರು, ಉಳಿದುದರಲ್ಲಿ ಸ್ವಲ್ಪ ಭಾಗವನ್ನು ತಂಗಿಗೆ ಕೊಟ್ಟರು, ಈಗ ಇಷ್ಟು ಕಿಲೋ ಇದೆ.’ ಆಮೇಲೆ ಮಗುವಿಗೆ ಅದನ್ನು ಪುಸ್ತಕ ನೋಡದೆ ತನ್ನ ಮನೆಯ ಮಾತಿನಲ್ಲಿ ಹೇಳಲು ಹೇಳಬೇಕು. ಏನು ಮೊದಲಾಯಿತು, ಏನು ಆಮೇಲೆ, ನಮಗೆ ಗೊತ್ತಿರುವುದು ಮೊದಲಿನದೋ ಕೊನೆಯದೋ ಎಂಬುದು ಅದರ ಬಾಯಿಂದ ಬಂದ ಮೇಲೆ ಸಂಖ್ಯೆಗಳನ್ನು ತುಂಬಿದರೆ ಸಾಕು. ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಲೆನಾಡಿನ ಶಾಲೆಗಳಲ್ಲಿ ಇದು ಇನ್ನೂ ಮುಖ್ಯ. ಎಸ್ಟೇಟಿನ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುವ ಎಷ್ಟೋ ಮಕ್ಕಳ ಮನೆಮಾತು ತಮಿಳೋ ತುಳುವೋ ಆಗಿರುತ್ತದೆ, ಮತ್ತು ಪಠ್ಯಪುಸ್ತಕದ ಗ್ರಾಂಥಿಕ ಕನ್ನಡದ ಒಂದು ಉದ್ದ ವಾಕ್ಯ ಅರ್ಥವಾಗದೆ ಹೋದುದನ್ನು ನಾವು ಗಣಿತ ಬಾರದಿರುವುದು ಎಂದು ಲೆಕ್ಕ ಹಾಕಿಬಿಡುತ್ತೇವೆ.

ಓದಿನಲ್ಲಿ ವಿಶೇಷವಾಗಿ ಗಮನಿಸಬೇಕಾದ ಎರಡು ಜಾಗಗಳಿವೆ. ಐದು ಕಿಲೋ ಸಕ್ಕರೆಯಿಂದ 1/2 ಕಿಲೋ ತೆಗೆಯುವುದಕ್ಕೂ ಐದು ಕಿಲೋ ಸಕ್ಕರೆಯ 1/2 ಭಾಗ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಮೊದಲನೆಯದು: ಒಂದರಲ್ಲಿ ನಾಲ್ಕೂವರೆ ಉಳಿಯುತ್ತದೆ, ಇನ್ನೊಂದರಲ್ಲಿ ಎರಡೂವರೆ. ಇವೆರಡನ್ನೂ ಅಕ್ಕಪಕ್ಕದಲ್ಲಿ ಬರೆದು ಚಿತ್ರ ಬರೆಸದೆ ಮುಂದೆ ಹೋಗಬಾರದು. ಎರಡನೆಯದು, ‘ಅದರ 1/3’ ಮತ್ತು ‘ಅದಕ್ಕಿಂತ 1/3 ಭಾಗ ಹೆಚ್ಚು’ ಎಂಬುವುಗಳ ವ್ಯತ್ಯಾಸ. ತಂಗಿಯ ಬಳಿ 30 ರೂಪಾಯಿ ಇದ್ದು ಅಣ್ಣನ ಬಳಿ ಅದರ 1/3 ಇದ್ದರೆ ಅಣ್ಣನದು 10; ಅದಕ್ಕಿಂತ 1/3 ಭಾಗ ಹೆಚ್ಚಿದ್ದರೆ 40. ಪ್ರತ್ಯಯವೊಂದು ಬದಲಾದರೆ ಪಟ್ಟಿಯ ಉದ್ದವೇ ಬದಲಾಗುತ್ತದೆ.

ಇದರ ಬದಲು ನಮ್ಮಲ್ಲಿ ಅನೇಕರು ಮಕ್ಕಳಿಗೆ ಗುರುತಿನ ಪದಗಳನ್ನು ಬಾಯಿಪಾಠ ಮಾಡಿಸುತ್ತಾರೆ: ‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದ’ ಎಂದಿದ್ದರೆ ಕಳೆ, ‘ಪ್ರತಿಯೊಬ್ಬರಿಗೆ’ ಎಂದಿದ್ದರೆ ಭಾಗಿಸು. ಮೂರನೆಯ ತರಗತಿಯಲ್ಲಿ ಇದು ಉತ್ತರ ತಂದುಕೊಡುತ್ತದೆ, ಆರನೆಯದರಲ್ಲಿ ಕೈಕೊಡುತ್ತದೆ. ಮೆಣಸಿನ ಲೆಕ್ಕದಲ್ಲಿ ‘ಉಳಿದ’ ಎಂಬುದಿದೆ. ಆದರೆ ಅಲ್ಲಿ 24ರಿಂದ ಕಳೆಯಬೇಕಾದದ್ದು ಏನೂ ಇಲ್ಲ. ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮಗುವಿಗೆ ಓದುವುದನ್ನು ತಪ್ಪಿಸುವ ಒಳದಾರಿಯನ್ನು ಕಲಿಸಿ, ಆಮೇಲೆ ಓದುವುದಿಲ್ಲವೆಂದು ದೂರುವುದು ನ್ಯಾಯವಲ್ಲ.

ಭಿನ್ನರಾಶಿಗಳ ಗಾತ್ರದ ಅಂದಾಜು ಮಗುವಿಗೆ ಇರಬೇಕೆಂಬುದು ಬೇರೆ ಮಾತು. ಅದಿಲ್ಲದಿದ್ದರೆ ಪಟ್ಟಿಯೂ ಉಪಯೋಗಕ್ಕೆ ಬಾರದು. ಇದಕ್ಕೆ ನಮ್ಮ ಊರುಗಳಲ್ಲಿ ಗುಂಟೆಯಷ್ಟು ಅನುಕೂಲವಾದ ಅಳತೆ ಇನ್ನೊಂದಿಲ್ಲ. ಒಂದು ಎಕರೆಗೆ 40 ಗುಂಟೆ. 40 ಎಂಬ ಸಂಖ್ಯೆಯನ್ನು 2, 4, 5, 8, 10, 20 ಇವುಗಳಿಂದ ಶೇಷವಿಲ್ಲದೆ ಭಾಗಿಸಬಹುದು. ಅರ್ಧ ಎಕರೆ 20 ಗುಂಟೆ, ಕಾಲು ಎಕರೆ 10, ಎಂಟನೇ ಒಂದು ಭಾಗ 5, ಐದನೇ ಒಂದು ಭಾಗ 8 ಗುಂಟೆ ಎಂಬುದನ್ನು ಒಕ್ಕಲುತನದ ಮನೆಯ ಮಗು ಪಹಣಿಯ ಮಾತುಕತೆಯಲ್ಲಿಯೇ ಕೇಳಿರುತ್ತದೆ. 1/2 ಮತ್ತು 1/4 ಇವುಗಳ ಮೊತ್ತವನ್ನು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/6 ಎಂದು ಬರೆಯುವ ಮಗುವಿಗೆ ನಿಯಮವನ್ನು ಮತ್ತೊಮ್ಮೆ ಹೇಳುವ ಬದಲು ಗುಂಟೆಯಲ್ಲಿ ಕೇಳಿ: ಅರ್ಧ ಎಕರೆ ಇದ್ದವರು ಇನ್ನೂ ಕಾಲು ಎಕರೆ ಕೊಂಡರೆ ಎಷ್ಟಾಯಿತು? 20ಕ್ಕೆ 10 ಸೇರಿ 30 ಗುಂಟೆ, ಅಂದರೆ ಮುಕ್ಕಾಲು ಎಕರೆ. 2/6 ಎಂದರೆ 13 ಗುಂಟೆ ಚಿಲ್ಲರೆ. ಜಮೀನು ಕೊಂಡ ಮೇಲೆ ಮೊದಲಿದ್ದದ್ದಕ್ಕಿಂತ ಕಡಿಮೆಯಾಗುವ ಈ ವ್ಯವಹಾರ ಸರಿಯಲ್ಲವೆಂದು ತರಗತಿಗೆ ತರಗತಿಯೇ ಒಪ್ಪುತ್ತದೆ. 1/8 ಎಂಬುದು 1/4ಕ್ಕಿಂತ ದೊಡ್ಡದು, ಏಕೆಂದರೆ 8 ದೊಡ್ಡದು, ಎಂಬ ಭ್ರಮೆಯೂ ಇದೇ ಗುಂಟೆಯ ಲೆಕ್ಕದಲ್ಲಿ ಕರಗುತ್ತದೆ.

ಇನ್ನು ಅನುಪಾತ. ಇಲ್ಲಿ ಮಕ್ಕಳು ಮಾಡುವ ಮುಖ್ಯ ತಪ್ಪಿನ ಸ್ವರೂಪವೇ ಬೇರೆ: ಪಟ್ಟು ನೋಡಬೇಕಾದಲ್ಲಿ ಅವರು ವ್ಯತ್ಯಾಸವನ್ನು ನೋಡುತ್ತಾರೆ. ಅಮೆರಿಕದ ಶಿಕ್ಷಣ ಸಂಶೋಧಕ ರಾಬರ್ಟ್ ಕಾರ್ಪ್ಲಸ್ ಮತ್ತು ಸಂಗಡಿಗರು ಈ ತಪ್ಪನ್ನು ಬಯಲಿಗೆಳೆಯಲು ಬಳಸಿದ ಲೆಕ್ಕವೊಂದು ಪ್ರಸಿದ್ಧವಾಗಿದೆ. ಕುಳ್ಳ ಮನುಷ್ಯನ ಎತ್ತರ ಅಂಗಿಯ ಗುಂಡಿಗಳಲ್ಲಿ ಅಳೆದರೆ 4, ಉದ್ದ ಮನುಷ್ಯನದು 6. ಕುಳ್ಳನನ್ನು ಪೇಪರ್ ಕ್ಲಿಪ್ಪುಗಳಲ್ಲಿ ಅಳೆದರೆ 6 ಬರುತ್ತದೆ. ಹಾಗಾದರೆ ಉದ್ದ ಮನುಷ್ಯ ಎಷ್ಟು ಕ್ಲಿಪ್ಪು? ಸರಿಯುತ್ತರ 9. ಆದರೆ 4ಕ್ಕಿಂತ 6 ಎರಡು ಹೆಚ್ಚು, ಆದ್ದರಿಂದ 6ಕ್ಕೆ ಎರಡು ಸೇರಿಸಿ 8 ಎನ್ನುವ ಮಕ್ಕಳು ಬಹಳ. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ಐದು ವರ್ಷ ಕೂಡು-ಕಳೆಯಲ್ಲಿ ಪಳಗಿದ ಮನಸ್ಸು ಹೋಲಿಕೆಯನ್ನು ಸಹಜವಾಗಿ ಎಷ್ಟು ಹೆಚ್ಚು ಎಂದೇ ಕಾಣುತ್ತದೆ. ಎಷ್ಟು ಪಟ್ಟು ಎಂದು ಕಾಣುವುದಕ್ಕೆ ಅದನ್ನು ಬೇರೆಯಾಗಿಯೇ ತಿದ್ದಬೇಕು.

ತಿದ್ದಲು ಬೇಕಾದ ಸಾಮಗ್ರಿ ಪ್ರತಿ ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿದೆ. ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಒಂದರಿಂದ ಐದನೆಯ ತರಗತಿಯ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ನಿಗದಿಯಾಗಿದೆ. ಆರರಿಂದ ಎಂಟನೆಯ ತರಗತಿಯ ಮಗುವಿಗೆ ಧಾನ್ಯ 150 ಗ್ರಾಂ. ಉಳಿದವು ಎಷ್ಟಿರಬೇಕು ಎಂದು ಮಕ್ಕಳನ್ನೇ ಊಹಿಸಲು ಬಿಡಿ. ಧಾನ್ಯ 50 ಗ್ರಾಂ ಹೆಚ್ಚಿದೆ, ಆದ್ದರಿಂದ ಬೇಳೆಯೂ 50 ಹೆಚ್ಚಿ 70 ಗ್ರಾಂ, ಎಣ್ಣೆ 55 ಗ್ರಾಂ ಎಂದು ಒಬ್ಬರಾದರೂ ಹೇಳುತ್ತಾರೆ. ಒಬ್ಬ ಹುಡುಗನ ತಟ್ಟೆಗೆ 55 ಗ್ರಾಂ ಎಣ್ಣೆ ಎಂದರೆ ಚಿಕ್ಕವರ ತಟ್ಟೆಗೆ ಬೀಳುವುದರ ಹನ್ನೊಂದರಷ್ಟು. ಅಡುಗೆಯ ಅಮ್ಮನವರನ್ನು ಕರೆದು ಕೇಳಿದರೆ ಅವರು ಹೇಳುವ ಉತ್ತರ ನಮ್ಮ ವಿವರಣೆಗಿಂತ ಚೆನ್ನಾಗಿರುತ್ತದೆ. ನಿಜವಾದ ಪ್ರಮಾಣ ಬೇಳೆ 30, ತರಕಾರಿ 75, ಎಣ್ಣೆ 7.5 ಗ್ರಾಂ. ಎಲ್ಲವೂ ಒಂದೂವರೆ ಪಟ್ಟು. ಧಾನ್ಯಕ್ಕೂ ಬೇಳೆಗೂ ಇರುವ ಅನುಪಾತ ಚಿಕ್ಕವರಿಗೂ ದೊಡ್ಡವರಿಗೂ 5:1 ಆಗಿಯೇ ಉಳಿದಿದೆ. ದೊಡ್ಡವರ ತಟ್ಟೆಗೆ ಬೀಳುವುದು ಹೆಚ್ಚು, ಆದರೆ ಸಾರಿನ ಹದ ಒಂದೇ.

ಈ ಕೋಷ್ಟಕವನ್ನು ಒಂದು ವಾರ ಗೋಡೆಯ ಮೇಲೆ ಇಟ್ಟುಕೊಂಡರೆ ಎಷ್ಟೋ ಲೆಕ್ಕಗಳು ಹುಟ್ಟುತ್ತವೆ. ಇಂದು ಕೆಳಗಿನ ತರಗತಿಗಳಲ್ಲಿ 40, ಮೇಲಿನ ತರಗತಿಗಳಲ್ಲಿ 24 ಮಕ್ಕಳು ಹಾಜರಿದ್ದರೆ ಅಕ್ಕಿ ಎಷ್ಟು ಬೇಕು? ಬೇರೆ ಬೇರೆ ಲೆಕ್ಕ ಹಾಕಿದರೆ 4 ಕಿಲೋ ಮತ್ತು 3.6 ಕಿಲೋ, ಒಟ್ಟು 7.6 ಕಿಲೋ. ಇನ್ನೊಂದು ದಾರಿಯಲ್ಲಿ, 24 ದೊಡ್ಡ ಮಕ್ಕಳ ಊಟವೆಂದರೆ 36 ಚಿಕ್ಕ ಮಕ್ಕಳ ಊಟ. ಹಾಗಾಗಿ ಒಟ್ಟು 76 ಚಿಕ್ಕ ಊಟ. ಈ 76 ಸಿಕ್ಕಿದ ಮೇಲೆ ಅಕ್ಕಿ 7.6 ಕಿಲೋ, ತರಕಾರಿ 3.8 ಕಿಲೋ, ಬೇಳೆ 1,520 ಗ್ರಾಂ, ಎಣ್ಣೆ 380 ಗ್ರಾಂ ಎಂದು ಸಾಲಾಗಿ ಬಂದುಬಿಡುತ್ತದೆ. ಎರಡೂ ದಾರಿಯ ಉತ್ತರ ಕೂಡಿಬರುವುದನ್ನು ಮಕ್ಕಳು ನೋಡಲಿ. ಕ್ಷೀರಭಾಗ್ಯದ ಹಾಲೂ ಹೀಗೆಯೇ ಒದಗುತ್ತದೆ: 18 ಗ್ರಾಂ ಪುಡಿಗೆ 150 ಮಿಲಿ ಹಾಲು ಎಂದಾದರೆ ಒಂದು ಲೀಟರಿಗೆ ಎಷ್ಟು ಪುಡಿ? ಒಂದರ ಬೆಲೆಯನ್ನೇ ಮೊದಲು ಕಂಡುಹಿಡಿಯಬೇಕೆಂದು ಕಲಿತ ಮಗು ಒಂದು ಮಿಲಿಗೆ 0.12 ಗ್ರಾಂ ಎಂದು ದಶಮಾಂಶದ ಹುದುಲಿನಲ್ಲಿ ಸಿಕ್ಕಿಕೊಳ್ಳುತ್ತದೆ. 50 ಮಿಲಿಯನ್ನು ಮೆಟ್ಟಿಲಾಗಿ ಮಾಡಿಕೊಂಡರೆ ಅದಕ್ಕೆ 6 ಗ್ರಾಂ, ಲೀಟರಿನಲ್ಲಿ ಅಂಥವು ಇಪ್ಪತ್ತು, ಆದ್ದರಿಂದ 120 ಗ್ರಾಂ. ‘ಒಂದು ಭಾಗ’ ಎಂಬುದು ಯಾವಾಗಲೂ ಒಂದೇ ಆಗಿರಬೇಕಿಲ್ಲ. ಲೆಕ್ಕಕ್ಕೆ ಅನುಕೂಲವಾದ ಯಾವ ಅಳತೆಯಾದರೂ ಆಗಬಹುದು.

ಅನುಪಾತದಲ್ಲಿಯೂ ‘ಯಾವುದರ ಭಾಗ’ ಎಂಬ ಪ್ರಶ್ನೆ ಹಿಂಬಾಲಿಸುತ್ತದೆ, ಮತ್ತು ಅದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಾಫಿಪುಡಿಯಲ್ಲಿ. ಚಿಕ್ಕಮಗಳೂರಿನ ಪುಡಿ ಅಂಗಡಿಯಲ್ಲಿ ನಿಂತವರಿಗೆ ಚಿಕೋರಿ ಎಷ್ಟು ಹಾಕಲಿ ಎಂಬ ಪ್ರಶ್ನೆ ಹೊಸದಲ್ಲ. ಕಾಫಿ ಮತ್ತು ಚಿಕೋರಿ 4:1 ಅನುಪಾತದಲ್ಲಿರುವ 500 ಗ್ರಾಂ ಪುಡಿಯಲ್ಲಿ ಚಿಕೋರಿ ಎಷ್ಟು ಎಂದು ಕೇಳಿದರೆ, 500ರ 1/4 ಎಂದು 125 ಗ್ರಾಂ ಹೇಳುವ ಮಕ್ಕಳಿದ್ದಾರೆ. ಚಿಕೋರಿಯು ಕಾಫಿಯ 1/4 ಹೌದು; ಇಡೀ ಪುಡಿಯ 1/5. ನಾಲ್ಕು ಭಾಗ ಕಾಫಿ, ಒಂದು ಭಾಗ ಚಿಕೋರಿ ಎಂದು ಪಟ್ಟಿ ಬರೆದರೆ ಒಟ್ಟು ಐದು ಭಾಗ, ಒಂದು ಭಾಗಕ್ಕೆ 100 ಗ್ರಾಂ. ಅಂಗಡಿಯವರು ಇದನ್ನೇ 80-20 ಎನ್ನುತ್ತಾರೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆಯಿರಬಾರದೆಂಬ ನಿಯಮವಿದೆ, ಮತ್ತು ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ನಮೂದಿಸಿರುತ್ತಾರೆ. ಮನೆಯಿಂದ ಖಾಲಿ ಪೊಟ್ಟಣಗಳನ್ನು ತರಿಸಿ, ಶೇಕಡಾವಾರನ್ನು ಅನುಪಾತಕ್ಕೆ ತಿರುಗಿಸುವ ಕೆಲಸ ಕೊಟ್ಟರೆ ಒಂದು ಅವಧಿ ಸಾರ್ಥಕವಾಗುತ್ತದೆ. 70-30 ಎಂಬುದು 7:3, 60-40 ಎಂಬುದು 3:2.

ಪುಡಿಯ ಲೆಕ್ಕದಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಮೇಲೆ ಹೇಳಿದ 80-20ರ ಅರ್ಧ ಕಿಲೋ ಪುಡಿಯನ್ನು ಮನೆಯವರು ಚಿಕೋರಿ ಜಾಸ್ತಿಯಾಯಿತೆಂದು ಬಿಟ್ಟರು. ಅದನ್ನು 90-10 ಮಾಡಲು ಎಷ್ಟು ಶುದ್ಧ ಕಾಫಿಪುಡಿ ಬೆರೆಸಬೇಕು? ಐವತ್ತು ಗ್ರಾಂ ಎನ್ನುವವರು ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಇದ್ದಾರೆ. ಇಲ್ಲಿ ಕೇಳಿಕೊಳ್ಳಬೇಕಾದದ್ದು ಬದಲಾಗದೆ ಉಳಿದದ್ದು ಯಾವುದು ಎಂದು. ಕಾಫಿ ಸೇರುತ್ತದೆ, ಒಟ್ಟು ತೂಕ ಹೆಚ್ಚುತ್ತದೆ, ಚಿಕೋರಿ ಮಾತ್ರ ಅದೇ 100 ಗ್ರಾಂ. ಮೊದಲು ಅದು ಐದರಲ್ಲಿ ಒಂದು ಭಾಗವಾಗಿತ್ತು. ಈಗ ಹತ್ತರಲ್ಲಿ ಒಂದಾಗಬೇಕು. ಆದ್ದರಿಂದ ಒಟ್ಟು 1,000 ಗ್ರಾಂ ಆಗಬೇಕು, ಅಂದರೆ ಇನ್ನೂ 500 ಗ್ರಾಂ ಕಾಫಿ ಬೇಕು. ಅರ್ಧ ಕಿಲೋ ಪುಡಿಯನ್ನು ಸರಿಪಡಿಸಲು ಮತ್ತೆ ಅರ್ಧ ಕಿಲೋ! ಈ ಉತ್ತರವನ್ನು ಮೊದಲ ಬಾರಿಗೆ ಯಾರೂ ನಂಬುವುದಿಲ್ಲ. ತಾಳೆ ನೋಡಲು ಹೊರಡುತ್ತಾರೆ. ಉತ್ತರವನ್ನು ತಾಳೆ ನೋಡು ಎಂದು ವರ್ಷವಿಡೀ ಹೇಳಿದರೂ ಆಗದ ಕೆಲಸ ಇಂಥ ಒಂದು ಲೆಕ್ಕದಿಂದ ಆಗುತ್ತದೆ.

ಬದಲಾಗದೆ ಉಳಿಯುವುದನ್ನು ಹುಡುಕುವ ಇದೇ ದೃಷ್ಟಿ ವಯಸ್ಸಿನ ಲೆಕ್ಕಗಳಿಗೆ ಬೇಕು, ಆದರೆ ಅಲ್ಲಿ ಉಳಿಯುವುದು ವ್ಯತ್ಯಾಸ. ಅಕ್ಕ ಮತ್ತು ತಮ್ಮನ ಈಗಿನ ವಯಸ್ಸಿನ ಅನುಪಾತ 3:2. ನಾಲ್ಕು ವರ್ಷಗಳ ನಂತರ ಅದು 4:3 ಆಗುತ್ತದೆ. ಈಗ ಅವರ ವಯಸ್ಸೆಷ್ಟು? ಈಗಿನ ಪಟ್ಟಿಗಳಲ್ಲಿ ಅಕ್ಕನದು ತಮ್ಮನಿಗಿಂತ ಒಂದು ಭಾಗ ಹೆಚ್ಚು. ಮುಂದಿನ ಪಟ್ಟಿಗಳಲ್ಲಿಯೂ ಒಂದೇ ಭಾಗ ಹೆಚ್ಚು. ಇಬ್ಬರ ನಡುವಿನ ಅಂತರ ಎಂದಿಗೂ ಬದಲಾಗದ ಕಾರಣ ಎರಡೂ ಚಿತ್ರಗಳಲ್ಲಿ ಭಾಗದ ಉದ್ದ ಒಂದೇ. ಅಕ್ಕನ ಪಟ್ಟಿ ಮೂರರಿಂದ ನಾಲ್ಕಕ್ಕೆ ಬೆಳೆದಿದೆ. ಬೆಳೆದ ಆ ಒಂದು ಭಾಗವೇ ನಾಲ್ಕು ವರ್ಷ. ಹಾಗಾಗಿ ಅಕ್ಕನಿಗೆ 12, ತಮ್ಮನಿಗೆ 8.

ಇದರ ಜೊತೆಗೆ, ಅನುಪಾತವೇ ಇಲ್ಲದ ಲೆಕ್ಕಗಳನ್ನೂ ಬೇಕೆಂದೇ ಬೆರೆಸಿ ಕೊಡಬೇಕು. ಕಣದಲ್ಲಿ ಹರಡಿದ ಒಂದು ಮೂಟೆ ಕಾಫಿ ಹಣ್ಣು ಒಣಗಲು 10 ದಿನ ಬೇಕಾದರೆ, ಅದೇ ಬಿಸಿಲಿನಲ್ಲಿ, ಅಷ್ಟೇ ತೆಳುವಾಗಿ ಹರಡಿದ ಮೂರು ಮೂಟೆ ಒಣಗಲು ಎಷ್ಟು ದಿನ? ಸಮಾನುಪಾತದ ಅಧ್ಯಾಯದ ನಡುವೆ ಈ ಪ್ರಶ್ನೆ ಬಂದರೆ 30 ದಿನ ಎಂದು ಬರೆಯುವ ಮಕ್ಕಳು ತಮ್ಮ ಮನೆಯ ಕಣದಲ್ಲಿ ಅದಕ್ಕೆ ವಿರುದ್ಧವಾದುದನ್ನು ಪ್ರತಿ ವರ್ಷ ಕಂಡವರೇ ಆಗಿರುತ್ತಾರೆ. ತಪ್ಪು ಅವರದಲ್ಲ. ಆರ್ಯಭಟನು ಐದನೆಯ ಶತಮಾನದ ಕೊನೆಯಲ್ಲಿ ಒಂದೇ ಶ್ಲೋಕದಲ್ಲಿ ಹೇಳಿದ ತ್ರೈರಾಶಿಕದ ನಿಯಮ, ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸು ಎಂಬುದು, ಇಂದಿಗೂ ಬಲವಾದ ಸಾಧನ. (ಇಷ್ಟಕ್ಕೆ ಎಂದು ಗೊತ್ತಿರುವುದು ಪ್ರಮಾಣ, ಅದಕ್ಕೆ ಸಿಗುವುದು ಫಲ, ಎಷ್ಟಕ್ಕೆ ಬೇಕೋ ಅದು ಇಚ್ಛೆ.) ಆದರೆ ನಿಯಮಕ್ಕೆ ಯಾವ ಮೂರು ಸಂಖ್ಯೆ ಕೊಟ್ಟರೂ ನಾಲ್ಕನೆಯದು ಬಂದೇ ಬರುತ್ತದೆ. ಅದನ್ನು ಬಳಸುವುದು ಇಲ್ಲಿ ಸರಿಯೋ ಎಂದು ಅದು ಹೇಳುವುದಿಲ್ಲ. ಒಂದು ಇಮ್ಮಡಿಯಾದರೆ ಇನ್ನೊಂದೂ ಇಮ್ಮಡಿಯಾಗುತ್ತದೆಯೇ ಎಂಬುದನ್ನು ಮಗು ಮೊದಲು ಕೇಳಿಕೊಳ್ಳಬೇಕು. ಅಡ್ಡ ಗುಣಾಕಾರವನ್ನು ಆರನೆಯ ತರಗತಿಯ ಮೊದಲ ವಾರದಲ್ಲಿಯೇ ಕಲಿಸುವ ಅವಸರವನ್ನು ಇದೇ ಕಾರಣಕ್ಕೆ ನಾನು ವಿರೋಧಿಸುತ್ತೇನೆ.

ಭಿನ್ನರಾಶಿಯಿಂದ ಭಾಗಿಸುವ ಲೆಕ್ಕಗಳಿಗೆ ಹೆಚ್ಚು ಮಾತು ಬೇಕಿಲ್ಲ. ಮುಕ್ಕಾಲು ಲೀಟರ್ ಹಾಲನ್ನು 1/8 ಲೀಟರ್ ಹಿಡಿಯುವ ಲೋಟಗಳಿಗೆ ಸುರಿದರೆ ಎಷ್ಟು ಲೋಟ ತುಂಬುತ್ತವೆ ಎಂದು ಕೇಳಿ ಪಟ್ಟಿ ಬರೆಸಿದರೆ ಆರು ಎಂದು ಎಣಿಸುತ್ತಾರೆ. ತಲೆಕೆಳಗು ಮಾಡಿ ಗುಣಿಸುವ ನಿಯಮ ಆಮೇಲೆ ಬರಲಿ.

ಮನೆಯಲ್ಲಿ ಹೇಳಿಕೊಡುವ ತಂದೆತಾಯಂದಿರು ಪಠ್ಯಪುಸ್ತಕದ ಲೆಕ್ಕಗಳನ್ನು ಹೆಚ್ಚಿಸುವುದಕ್ಕಿಂತ ಮನೆಯ ವ್ಯವಹಾರವನ್ನು ಮಗುವಿನ ಮುಂದೆ ಬಾಯಿಬಿಟ್ಟು ಮಾಡುವುದು ಉತ್ತಮ. ಕಾಫಿ ಬೆಳೆಗಾರರ ಮನೆಗಳಲ್ಲಿ ಔಟ್‌ಟರ್ನ್, ಅಂದರೆ ಒಣಗಿದ ಕಾಫಿ ಹಣ್ಣಿನಿಂದ (ಚೆರಿಯಿಂದ) ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ, ದಿನವೂ ಮಾತಿಗೆ ಬರುತ್ತದೆ. ಒಣಗಿದ ಚೆರಿಯ 50 ಕಿಲೋ ಮೂಟೆಗೆ 27 ಕಿಲೋ ಬೀಜ ಸಿಕ್ಕರೆ ನಾಲ್ಕು ಮೂಟೆಗೆ ಎಷ್ಟು, 25 ಕಿಲೋ ಚೆರಿಗೆ ಎಷ್ಟು, 54 ಕಿಲೋ ಬೀಜ ಬೇಕಾದರೆ ಎಷ್ಟು ಮೂಟೆ ಕೊಡಬೇಕು ಎಂದು ಮೂರು ದಿಕ್ಕಿನಿಂದಲೂ ಕೇಳಬಹುದು. ತೋಟವಿಲ್ಲದ ಮನೆಯಲ್ಲಿ ಇಡ್ಲಿ ಹಿಟ್ಟಿನ ಅಕ್ಕಿ-ಉದ್ದು ಇದ್ದೇ ಇದೆ. ಉತ್ತರ ತಪ್ಪಿದಾಗ ಸರಿಯುತ್ತರವನ್ನು ಕೂಡಲೇ ಹೇಳದೆ, ಆ ಉತ್ತರವನ್ನು ಕಥೆಯೊಳಕ್ಕೆ ತಿರುಗಿ ಹಾಕಿ ನೋಡಲು ಹೇಳಿ. 90 ಕಿಲೋ ಮೆಣಸಿನಂತೆ ತಪ್ಪುತ್ತರವು ತನ್ನನ್ನು ತಾನೇ ಬಯಲುಮಾಡಿಕೊಳ್ಳುತ್ತದೆ. ತಿದ್ದುವ ಶಿಕ್ಷಕರು ಕೊನೆಯ ಸಂಖ್ಯೆಗೆ ಮಾತ್ರವಲ್ಲದೆ ಪಟ್ಟಿಗೂ ಅಂಕ ಇಡಬೇಕು. ಪಟ್ಟಿಗೆ ಅಂಕವಿಲ್ಲವೆಂದು ಗೊತ್ತಾದ ದಿನದಿಂದ ಮಕ್ಕಳು ಅದನ್ನು ಬರೆಯುವುದಿಲ್ಲ.

ಪಟ್ಟಿಗೂ ಮಿತಿಯಿದೆ. 5/17 ಮತ್ತು 3/11 ಭಾಗಗಳಿರುವ ಲೆಕ್ಕವನ್ನು ಪಟ್ಟಿಯಲ್ಲಿ ಬರೆಯಲು ಹೊರಟರೆ ಹಾಳೆ ಸಾಲದು. ಆದರೆ ಏಳನೆಯ ತರಗತಿಯಲ್ಲಿ ಸರಳ ಸಮೀಕರಣಗಳು ಬರುವ ಹೊತ್ತಿಗೆ ಪಟ್ಟಿ ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ, ಏಕೆಂದರೆ ಅಲ್ಲಿ ಎಕ್ಸ್ ಎಂದು ಬರೆಯುವುದು ಇಲ್ಲಿ ‘ಒಂದು ಭಾಗ’ ಎಂದದ್ದನ್ನೇ. ಅಕ್ಕನ ವಯಸ್ಸು ಮೂರು ಎಕ್ಸ್, ತಮ್ಮನದು ಎರಡು ಎಕ್ಸ್; ಎರಡಕ್ಕೂ ನಾಲ್ಕು ಸೇರಿಸಿದಾಗ 4:3 ಎಂದು ಸಮೀಕರಣ ಬರೆದು ಬಿಡಿಸಿದರೆ ಎಕ್ಸ್‌ನ ಬೆಲೆ 4 ಎಂದೇ ಬರುತ್ತದೆ. ಈ ಬಗೆಯ ಎರಡು-ಮೂರು ಲೆಕ್ಕಗಳನ್ನು ಪಟ್ಟಿಯಲ್ಲಿಯೂ ಅಕ್ಷರದಲ್ಲಿಯೂ ಅಕ್ಕಪಕ್ಕದಲ್ಲಿ ಬಿಡಿಸಿದ ಮೇಲೆ ಹೆಚ್ಚಿನ ಮಕ್ಕಳು ಪಟ್ಟಿಯನ್ನು ತಾವಾಗಿಯೇ ಬಿಡುತ್ತಾರೆ. ಬಿಡದವರನ್ನು ತಡೆಯುವ ಅಗತ್ಯವಿಲ್ಲ.